ಏಳು ಸಲ ಎಣ್ಣೆ

ಒಂದು ಬದನೆಕಾಯಿ ಎಷ್ಟು ಎಣ್ಣೆ ಕುಡಿಯಬಲ್ಲದು? ನಿಮಗೆ ಗೊತ್ತಿರಲಾರದು. ನನಗೆ ಗೊತ್ತು. ಕಳೆದ ಶುಕ್ರವಾರ ಹಾಡುಹಗಲಲ್ಲಿ, ಪಿಸ್ಕಾಟವೇಯ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಇಬ್ಬರು ಟರ್ಕಿ ಹೆಂಗಸರ ಸಮಕ್ಷಮದಲ್ಲಿ ಎಂಟು ಬದನೆಕಾಯಿಗಳಿಗೆ ಒಂದು ಬಾಟಲಿ ಆಲಿವ್ ಎಣ್ಣೆಯನ್ನು ಹೆಚ್ಚುಕಡಿಮೆ ಪೂರ್ತಿ ಕುಡಿಸಿದವನು ನಾನು.

ಈ ಅಂಕಣವನ್ನು ತಪ್ಪದೆ ಓದುವವರು ಇಷ್ಟು ಹೊತ್ತಿಗೆ ಹುಬ್ಬೇರಿಸಿರುತ್ತಾರೆ. ಶುಕ್ರವಾರ ಹಗಲು ಈ ಮನುಷ್ಯ ಜರ್ಸಿ ಸಿಟಿಯ ಆಫೀಸಿನಲ್ಲಿ ಇರಬೇಕಲ್ಲವೇ? ಏಳು ಹತ್ತರ ಟ್ರೇನು, ನ್ಯೂಅರ್ಕ್‌ನಲ್ಲಿ ಇಳಿದು ಓಡುವುದು, ಪಕ್ಕದವನ ಕಾಫಿ ಕೋಟಿನ ಮೇಲೆ ಚೆಲ್ಲುವುದು, ಇವನ್ನೆಲ್ಲ ಬರೆದು ನಮ್ಮ ತಲೆ ತಿಂದವನು ಇವನೇ ತಾನೆ?

ಹೌದು, ನಾನೇ. ಇವತ್ತು ಒಂದು ತಪ್ಪೊಪ್ಪಿಗೆ ಇದೆ. ಡಿಸೆಂಬರಿನಿಂದ ನನಗೆ ಕೆಲಸ ಇಲ್ಲ. ದೊಡ್ಡ ದೊಡ್ಡ ಬ್ಯಾಂಕುಗಳೇ ಒಂದರ ಹಿಂದೆ ಒಂದು ಅಂಗಾತ ಮಲಗುತ್ತಿರುವ ಕಾಲ. ನಮ್ಮ ಆಫೀಸಿನಲ್ಲಿ ಒಂದು ಬೆಳಿಗ್ಗೆ ಅರ್ಧ ಫ್ಲೋರಿಗೆ, ಸಾಮಾನು ತುಂಬಿಕೊಂಡು ಮನೆಗೆ ಹೋಗಿ ಎಂದು, ರಟ್ಟಿನ ಡಬ್ಬ ಹಂಚಿದರು. ಒಂದು ನನ್ನ ಮೇಜಿನ ಮೇಲೂ ಬಂದು ಕೂತಿತು. (ಜನವರಿಯಲ್ಲಿ ಟ್ರೇನಿನ ಕಿಟಕಿಯಾಚೆ ಬೀಳುತ್ತಿದ್ದ ಹಿಮವನ್ನು ಇಲ್ಲೇ ವರ್ಣಿಸಿದ್ದೆ, ನೆನಪಿದೆಯೇ? ಹಲವರು ಮೆಚ್ಚಿ ಇ-ಮೇಲ್ ಕೂಡ ಬರೆದಿರಿ. ಅದನ್ನು ಬರೆದಾಗ ನಾನು ಪೈಜಾಮ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದೆ. ಹಿಮ ಮಾತ್ರ ನಿಜ.)

ಹೊಟ್ಟೆಬಟ್ಟೆಗೆ ತೊಂದರೆ ಇರಲಿಲ್ಲ. ಹೆಂಡತಿ ಸುಮಾ ಪ್ರಿನ್ಸ್‌ಟನ್ ಬಳಿ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಳೆ. ಪೆಟ್ಟು ಬಿದ್ದದ್ದು ನನ್ನ ಜಂಬಕ್ಕೆ. ಹದಿನಾಲ್ಕು ವರ್ಷ ‘ಸಿಕ್ಕಾಪಟ್ಟೆ ಬಿಜಿ’ ಎಂದು ಹೇಳಿಕೊಂಡು ತಿರುಗಿದವನು, ಈಗ ಬಿಜಿ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಯಾರಿಗೂ ಹೇಳಲಿಲ್ಲ. ಗೆಳೆಯರಿಗೆ ಹೇಳಲಿಲ್ಲ, ಮೈಸೂರಿನಲ್ಲಿ ತಂಗಿಯ ಮನೆಯಲ್ಲಿರುವ ಅಮ್ಮನಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ, ಅದೇ ಟ್ರೇನಿನ ಹಳೆಯ ಸಂಗಾತಿ ರಾಜಶೇಖರ್ ಫೋನ್ ಮಾಡಿದರು.

“ಏನ್ ಸಾರ್, ಏಳು ಹತ್ತರಲ್ಲಿ ಕಾಣ್ತಾನೇ ಇಲ್ವಲ್ಲ?”

“ಈಗ ಬೇಗ ಹೋಗ್ತೀನಿ, ಆರು ನಲವತ್ತು” ಎಂದೆ. ಎಷ್ಟು ಸಲೀಸಾಗಿ ಬಂತು ಅಂತೀರಿ. ಅವರು “ಓ, ಹಾಗಾ” ಎಂದು ಫೋನ್ ಇಟ್ಟರು.

ಸುಮಾ ಧಾರವಾಡದವಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುವುದಿಲ್ಲ. “ನೌಕರಿ ಹೋಗೇದ ಅಂತ ಹೇಳಾಕ ಏನ್ ನಾಚಿಕಿ? ನೀವೇನ್ ಕಳವು ಮಾಡೀರೇನು?” ಎಂದು ಮೊದಲ ವಾರವೇ ಕೇಳಿದ್ದಳು. ನಾನು ಕೇಳಿಸದವನಂತೆ ಪೇಪರ್ ಓದುತ್ತಿದ್ದೆ.

ಹೀಗೆ ನಡೆದಿದ್ದಾಗ ಯುಗಾದಿ ಪಾಟ್‌ಲಕ್ ಬಂತು.

ಪಾಟ್‌ಲಕ್ ಎಂದರೆ ಮನೆಗೊಂದು ಅಡುಗೆ ಮಾಡಿ ತಂದು, ಒಂದೇ ಹಾಲಿನಲ್ಲಿ ಕೂತು ಉಣ್ಣುವುದು. ನಮ್ಮ ಕಡೆಯ ಪಾಟ್‌ಲಕ್‌ಗಳ ಸರ್ವಾಧಿಕಾರಿ ವತ್ಸಲಾ ಆಂಟಿ. ಉಡುಪಿ ಕಡೆಯವರು, ಹೋಟೆಲಿನವರ ಮನೆತನ. ಯಾರು ಏನು ತರಬೇಕೆಂದು ಅವರೇ ಫೋನ್ ಮಾಡಿ ಹೇಳುತ್ತಾರೆ. ನಾವು ಒಪ್ಪುವುದಷ್ಟೇ. “ಸುಮಾ ಎಣ್ಣೆಗಾಯಿ ತರ್ಲಿ. ಧಾರವಾಡದ ಕೈ ಅಲ್ವಾ” ಎಂದು ಅಪ್ಪಣೆಯಾಯಿತು. ಆ ವಾರ ಸುಮಾಳ ಲ್ಯಾಬಿನಲ್ಲಿ ಇನ್‌ಸ್ಪೆಕ್ಷನ್. ಬೆಳಿಗ್ಗೆ ಕತ್ತಲಲ್ಲೇ ಹೊರಟರೆ ಸಂಜೆ ಏಳಕ್ಕೆ ವಾಪಸ್.

“ನೀವ ಮಾಡ್ರಿ. ಹಗಲೆಲ್ಲಾ ಮನ್ಯಾಗ ಇರ್ತೀರಲ್ಲ” ಎಂದಳು.

“ಮಾಡ್ತೀನಿ. ಆದರೆ ಅಲ್ಲಿ ನೀನೇ ಮಾಡಿದ್ದು ಅಂತ ಹೇಳಬೇಕು.”

“ಸುಳ್ಳು ನಾ ಹೇಳೂದಿಲ್ಲ. ಯಾರಾರ ಕೇಳಿದ್ರ ನಿಮ್ಮ ಮಾರಿ ನೋಡ್ತೀನಿ. ಹೇಳೂದು ಬಿಡೂದು ನಿಮಗ ಬಿಟ್ಟಿದ್ದು.”

ಒಪ್ಪಂದ ಅಷ್ಟಕ್ಕೇ ನಿಂತಿತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಏಪ್ರನ್ ಕಟ್ಟಿಕೊಂಡೆ. ಮಸಾಲೆಗೆ ಶೇಂಗಾ, ಎಳ್ಳು, ಕೊಬ್ಬರಿ ಹುರಿಯಲು ಬಾಣಲೆಗೆ ಹಾಕಿದೆ. ಅಷ್ಟರಲ್ಲಿ ಒಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಕೆಲಸ ಹುಡುಕುತ್ತಿರುವವನು ಫೋನ್ ಬಿಟ್ಟು ಶೇಂಗಾ ನೋಡುತ್ತಾನೆಯೇ? ಆ ಕಡೆಯವನು ನನ್ನ ಅನುಭವದ ಬಗ್ಗೆ ಕೇಳುತ್ತಿದ್ದಾಗಲೇ ಸ್ಮೋಕ್ ಅಲಾರಂ ಬಡಿದುಕೊಳ್ಳಲು ಶುರುವಾಯಿತು. ಅಡುಗೆಮನೆ ತುಂಬ ಹೊಗೆ. ಎಳ್ಳು ಕರ್ರಗೆ ಇದ್ದಿಲಾಗಿತ್ತು. ಫೋನಿನವನು ‘ನೀವು ಬಿಜಿ ಇದ್ದೀರಿ ಅನ್ನಿಸುತ್ತದೆ’ ಎಂದು ಇಟ್ಟುಬಿಟ್ಟ. ಮೂರು ತಿಂಗಳಲ್ಲಿ ನನ್ನನ್ನು ಬಿಜಿ ಎಂದವನು ಅವನೊಬ್ಬನೇ.

ಬಾಗಿಲು ಬಡಿದ ಸದ್ದು. ತೆರೆದರೆ ಕೆಳಗಿನ ಮನೆಯ ಟರ್ಕಿಯ ಅಮ್ಮ. ಅವರ ಮಗಳು ಎಲಿಫ್ ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮಗಳ ಜೊತೆ ಆರು ತಿಂಗಳು ಇರಲು ಈಕೆ ಇಜ್ಮೀರ್‌ನಿಂದ ಬಂದಿದ್ದಾರೆ. ಒಂದಕ್ಷರ ಇಂಗ್ಲಿಷ್ ಬಾರದು. ಮೆಟ್ಟಿಲಲ್ಲಿ ಕಂಡಾಗ ಇಬ್ಬರೂ ತಲೆಯಾಡಿಸಿ ನಗುತ್ತಿದ್ದೆವು, ಪರಿಚಯ ಅಷ್ಟೇ. (ವಾರದ ದಿನ ಹಗಲು ಹೊತ್ತು ಈ ಬಿಲ್ಡಿಂಗಿನಲ್ಲಿ ಯಾರಿರುತ್ತಾರೆ? ಮಕ್ಕಳನ್ನು ನೋಡಲು ಬಂದ ತಾಯಂದಿರು, ಮತ್ತೆ ನಾನು.)

ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ಒಲೆ ಆರಿಸಿದರು. ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು ಅಲಾರಂ ಕೆಳಗೆ ನಿಂತು ಪಟಪಟ ಬೀಸಿದರು. ನಮ್ಮಮ್ಮ ಬಂದಿದ್ದಾಗ ಬೇಳೆ ಒಗ್ಗರಣೆಗೊಮ್ಮೆ ಹೀಗೇ ಬೀಸುತ್ತಿದ್ದಳು. ಅಲಾರಂ ಬಾಯಿ ಮುಚ್ಚಿತು. ಆಮೇಲೆ ಆಕೆ ಬಾಣಲೆಯೊಳಗೆ ಇಣುಕಿ, ನಾಲಿಗೆಯಲ್ಲಿ ಲೊಚ್ ಲೊಚ್ ಎಂದು, ಸಿಂಕಿನ ಪಕ್ಕದ ಬದನೆಕಾಯಿ ರಾಶಿ ನೋಡಿ, ಕಿಟಕಿ ತೆರೆದು ಮಗಳನ್ನು ಕೂಗಿದರು.

ಎಲಿಫ್ ಬಂದಳು. ಥೀಸಿಸ್ ಬರೆಯುತ್ತಿದ್ದಳಂತೆ, ಎಬ್ಬಿಸಿದ್ದಕ್ಕೆ ಖುಷಿಯಾಗಿಯೇ ಇದ್ದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ವಿವರಿಸಿದೆ. ಬದನೆಕಾಯಿ ಸೀಳಿ, ಮಸಾಲೆ ತುಂಬಿ, ಎಣ್ಣೆಯಲ್ಲಿ ಬೇಯಿಸುವುದು. ಹೆಸರು ಎಣ್ಣೆಗಾಯಿ. ಎಣ್ಣೆ ಅಂದರೆ ಆಯಿಲ್.

“ಎಣ್ಣೆ?” ಎಂದಳು. “ಎಣ್ಣೆ ಅಂದರೆ ಆಯಿಲ್?” ಎಂದು ಮತ್ತೊಮ್ಮೆ ಕೇಳಿ ಕಿಸಕ್ಕನೆ ನಕ್ಕಳು. ತಾಯಿಗೆ ಏನೋ ಹೇಳಿದಳು. ಅವರೂ ನಕ್ಕರು. ನನ್ನ ಉಚ್ಚಾರಣೆಗೆ ನಗುತ್ತಿದ್ದಾರೆ ಎಂದುಕೊಂಡೆ. ನನ್ನ ಭಾಷೆಯ ಉಚ್ಚಾರಣೆಗೆ ಬೇರೆಯವರು ನಗುವುದೇಕೆ ಎಂದು ಆಗಲೇ ಯೋಚಿಸಬೇಕಿತ್ತು, ನೋಡಿ.

ಮಸಾಲೆ ಸುಟ್ಟುಹೋಗಿದೆ, ಮನೆಯಲ್ಲಿ ಬೇರೆ ಶೇಂಗಾ ಇಲ್ಲ. ಅಮ್ಮನಿಗೆ ಅದು ಲೆಕ್ಕಕ್ಕೇ ಇಲ್ಲ. ತಮ್ಮೂರಿನಲ್ಲೂ ಹೊಟ್ಟೆ ಸೀಳಿದ ಬದನೆಕಾಯಿ ಅಡುಗೆ ಇದೆ, ಓವನ್‌ನಲ್ಲಿಟ್ಟು ಮಾಡುವುದು, ತಣ್ಣಗೆ ಮಾಡಿ ಊಟದ ಪಕ್ಕಕ್ಕೆ ಬಡಿಸುವುದು, ಮಾರನೆಯ ದಿನಕ್ಕೆ ಇನ್ನೂ ರುಚಿ, ಅದನ್ನೇ ಮಾಡಿಬಿಡೋಣ ಎಂದು ಮಗಳ ಮೂಲಕ ಹೇಳಿಸಿ ತೋಳು ಮಡಚಿದರು.

ಬದನೆಕಾಯಿಯ ಸಿಪ್ಪೆಯನ್ನು ಪೂರ್ತಿ ತೆಗೆಯಲಿಲ್ಲ, ಒಂದು ಪಟ್ಟೆ ತೆಗೆದು ಒಂದು ಪಟ್ಟೆ ಬಿಟ್ಟರು. ಉಪ್ಪುನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರು, ಕಹಿ ಹೋಗಲು. (ಇದು ನಮ್ಮಮ್ಮನೂ ಮಾಡುತ್ತಾಳೆ. ಟರ್ಕಿಗೂ ಮೈಸೂರಿಗೂ ಈ ಸುದ್ದಿ ಹೇಗೆ ಹೋಯಿತೋ.) ನಾನು ಈರುಳ್ಳಿ ಉದ್ದುದ್ದ ಹೆಚ್ಚಿದೆ. ಬೆಳ್ಳುಳ್ಳಿ, ಟೊಮ್ಯಾಟೊ, ಪಾರ್ಸ್ಲಿ ಸೊಪ್ಪು, ಚಿಟಿಕೆ ಸಕ್ಕರೆ ಎಲ್ಲ ಸೇರಿಸಿ ಬಾಡಿಸಿ ಹೊಟ್ಟೆಗೆ ತುಂಬಿದ್ದಾಯಿತು. ಕಾಯಿಗಳು ಟ್ರೇಯಲ್ಲಿ ಸಾಲಾಗಿ ಮಲಗಿದವು.

“ಈಗ ನೀವು ಎಣ್ಣೆ ಹಾಕಿ. ಎಷ್ಟು ಅಂತ ಅಮ್ಮ ಹೇಳ್ತಾರೆ” ಎಂದಳು ಎಲಿಫ್. ನಾನು ಬಾಟಲಿ ಹಿಡಿದು ಸಿದ್ಧನಾದೆ. ಹೊಗೆ ಹೋಗಲೆಂದು ಹಾಕಿದ್ದ ಫ್ಯಾನು ಇನ್ನೂ ಗರಗರ ಎನ್ನುತ್ತಿತ್ತು. ತಾಯಿ ಮಗಳು ತಮ್ಮ ಭಾಷೆಯಲ್ಲಿ ಮಾತಿಗಿಳಿದರು. ನನಗೆ ಒಂದು ಶಬ್ದವೂ ಅರ್ಥವಾಗದು. ಅಷ್ಟರಲ್ಲಿ ಎಲಿಫ್ ಸ್ಪಷ್ಟವಾಗಿ, ನನ್ನ ಕಿವಿಯಾರೆ, “ಎಣ್ಣೆ” ಎಂದಳು.

ಎಂಥ ಒಳ್ಳೆಯ ಹುಡುಗಿ. ಆಗತಾನೆ ಕಲಿತ ನಮ್ಮ ಶಬ್ದವನ್ನು ಎಷ್ಟು ಬೇಗ ಬಳಸುತ್ತಿದ್ದಾಳೆ. ನಾನು ಒಂದು ಸುತ್ತು ಸುರಿದೆ.

ಮತ್ತೆ ಏನೋ ಮಾತು. ಮತ್ತೆ “ಎಣ್ಣೆ.” ಇನ್ನೊಂದು ಸುತ್ತು. ಮೂರನೆಯ ಸಲ ಅಮ್ಮ ತಿರುಗಿ ನನ್ನನ್ನು ನೋಡಿದರು. ನಾಲ್ಕನೆಯ ಸಲ ಟ್ರೇ ನೋಡಿದರು. ಐದನೆಯದಕ್ಕೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಇಷ್ಟು ಬೇಕೇ ಎಂದು ನನಗೂ ಅನುಮಾನ ಬಂತು. ಆದರೆ ಅಡುಗೆ ಅವರದು, ಕೇಳಲು ನಾನು ಯಾರು? ಆರು. ಏಳು. ಬಾಟಲಿಯಲ್ಲಿ ಬೆರಳುದ್ದ ಉಳಿಯಿತು. ಬದನೆಕಾಯಿಗಳು ತೇಲಲು ಶುರುಮಾಡಿದ್ದವು. ಅಮ್ಮ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ನನ್ನ ಕೆನ್ನೆ ತಟ್ಟಿದರು.

ಟ್ರೇ ಓವನ್ ಸೇರಿತು. ಮೂವರೂ ಟೀಗೆ ಕೂತೆವು. ಪ್ರತಿ ಸಲವೂ ನಮ್ಮ ಶಬ್ದದಲ್ಲೇ ಹೇಳಿದ್ದಕ್ಕೆ ಎಲಿಫ್‌ಗೆ ಥ್ಯಾಂಕ್ಸ್ ಹೇಳಿದೆ.

“ಯಾವ ಶಬ್ದ?”

“ಎಣ್ಣೆ.”

ಅವಳು ನನ್ನನ್ನೇ ನೋಡಿದಳು. ಓವನ್ ನೋಡಿದಳು. ಆಮೇಲೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸುಧಾರಿಸಿಕೊಂಡು ಹೇಳಿದಳು: ಅವಳು ಹೇಳಿದ್ದು ಎಣ್ಣೆ ಅಲ್ಲ, ‘ಅನ್ನೆ’. ಟರ್ಕಿ ಭಾಷೆಯಲ್ಲಿ ಅನ್ನೆ ಎಂದರೆ ಅಮ್ಮ. ಅಮ್ಮಾ, ನಿನ್ನ ಮಾತ್ರೆ ತಗೊಂಡೆಯಾ. ಅಮ್ಮಾ, ಇವರ ಓವನ್ ನಮ್ಮದಕ್ಕಿಂತ ದೊಡ್ಡದು. ಅಮ್ಮಾ, ಇವರು ಯಾಕೆ ಇಷ್ಟು ಎಣ್ಣೆ ಹಾಕ್ತಾ ಇದ್ದಾರೆ. ಏಳು ಸಲ ಅವಳು ಅಮ್ಮನನ್ನು ಕರೆದಿದ್ದಾಳೆ, ಏಳು ಸಲ ನಾನು ಓಗೊಟ್ಟು ಎಣ್ಣೆ ಸುರಿದಿದ್ದೇನೆ.

ಹೇಳಿ, ಈ ತಪ್ಪನ್ನು ತೆಲುಗಿನವನು ಮಾಡಬಹುದಿತ್ತೇ? ಗುಜರಾತಿ ಮಾಡಬಹುದಿತ್ತೇ? ಇದು ಅಪ್ಪಟ ಕನ್ನಡಿಗನಿಗೇ ಮೀಸಲು.

ನಾನು ಮುಖ ಸಣ್ಣದು ಮಾಡಿಕೊಂಡು ಕ್ಷಮೆ ಕೇಳಿದೆ. ಅಮ್ಮ ಮಗಳ ಮೂಲಕ ಉತ್ತರ ಕೊಟ್ಟರು. “ನಾನು ಊರಲ್ಲಿದ್ದಾಗ ಇವಳು ನನಗೆ ವಾರಕ್ಕೊಂದು ಸಲ ಫೋನ್ ಮಾಡೋದೂ ಕಷ್ಟ. ಇವತ್ತು ಅರ್ಧ ಗಂಟೆಯಲ್ಲಿ ಏಳು ಸಲ ಅಮ್ಮಾ ಅಂದಿದ್ದಾಳೆ. ಎಣ್ಣೆ ಹೋದರೆ ಹೋಗಲಿ ಬಿಡಿ.” ಇದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಬೇಕಾದವಳು ಎಲಿಫ್ ತಾನೆ. ಹೇಳುವಾಗ ಸ್ವಲ್ಪ ತೊದಲಿದಳು. ನಾನೂ ಟೀ ಲೋಟದೊಳಗೆ ನೋಡುತ್ತಾ ಕೂತೆ.

ಸಂಜೆ ಸುಮಾ ಬಂದು ಮೂಗು ಅರಳಿಸಿದಳು. ಟ್ರೇ ಮೇಲಿನ ಫಾಯಿಲ್ ಎತ್ತಿ ನೋಡಿ, “ಇದೇನ್ರಿ, ಎಣ್ಣಿಗಾಯಿ ಅಂದ್ರ ಎಣ್ಣ್ಯಾಗ ಈಸೂದಲ್ಲ” ಎಂದಳು. ಕಥೆ ಹೇಳಿದೆ. ಈ ಅಡುಗೆಯ ಹೆಸರು ಇಮಾಮ್ ಬಾಯಿಲ್ದಿ ಎಂದೂ ಹೇಳಿದೆ. ಇಮಾಮರು ಮೂರ್ಛೆ ಹೋದರು ಎಂದು ಅದರ ಅರ್ಥ. ರುಚಿಗೆ ಮೂರ್ಛೆ ಹೋದರು ಎಂದು ಕೆಲವರು, ಮನೆಯಾಕೆ ಖರ್ಚು ಮಾಡಿದ ಎಣ್ಣೆ ನೋಡಿ ಎಂದು ಕೆಲವರು ಹೇಳುತ್ತಾರಂತೆ.

ಸುಮಾಳಿಗೆ ಅರ್ಥ ಬೇಕಾಗಿರಲಿಲ್ಲ. “ಬಾಯಿಲ್ದಿ? ಬಾಯಿ ಇಲ್ದಾಂವ ಅಂತೇನು? ಹಂಗಾರ ನಿಮಗಂತನ ಮಾಡಿದ ಅಡಗಿ ಬಿಡ್ರಿ” ಎಂದು ಬಟ್ಟೆ ಬದಲಿಸಲು ಹೋದಳು.

ಶನಿವಾರ ಮಧ್ಯಾಹ್ನ, ಎಡಿಸನ್ ಊರಿನ ಹಾಲ್. ವತ್ಸಲಾ ಆಂಟಿ ಎರಡು ಮೇಜು ಹಾಕಿಸಿದ್ದರು, ಒಂದರ ಮೇಲೆ ‘ಈರುಳ್ಳಿ ಇದೆ’, ಇನ್ನೊಂದರ ಮೇಲೆ ‘ಈರುಳ್ಳಿ ಇಲ್ಲ’ ಎಂದು ಚೀಟಿ. ನಮ್ಮ ಟ್ರೇ ಮೊದಲನೆಯದಕ್ಕೆ ಹೋಯಿತು. ನಾನು ದೂರದ ಮೂಲೆ ಹಿಡಿದೆ. ‘ಆಫೀಸ್ ಹೇಗಿದೆ?’ ಎಂದು ಕೇಳಬಹುದಾದ ಮುಖಗಳು ಎದುರಾದಾಗಲೆಲ್ಲ ಉಪ್ಪಿನಕಾಯಿ ತರಲು ಏಳುತ್ತಿದ್ದೆ. ತಟ್ಟೆಯಲ್ಲಿ ಉಪ್ಪಿನಕಾಯಿ ಗುಡ್ಡೆಯಾಗಿತ್ತು.

ಅಷ್ಟರಲ್ಲಿ ವತ್ಸಲಾ ಆಂಟಿಯ ಧ್ವನಿ. ಆ ಧ್ವನಿಗೆ ಮೈಕ್ ಬೇಕಾಗುವುದಿಲ್ಲ.

“ಸುಮಾ, ಇದು ಎಂಥದು ಮಾರಾಯ್ತಿ? ಬಾಯಿಗಿಟ್ರೆ ಕರಗ್ತದೆ. ಎಣ್ಣೆಗಾಯಿ ಹೇಳಿದ್ರೆ ಇದು ಬೇರೆ ಎಂಥದೋ ತಂದಿದ್ದೀರಿ. ಒಂದು ತುಂಡು ತಿಂದವರು ಮೂರು ಸಲ ಬರ್ತಾ ಇದ್ದಾರೆ. ಏನು ಕೈ ನಿಮ್ಮದು.”

ಸುತ್ತ ಹತ್ತು ಜನ ತಟ್ಟೆ ಹಿಡಿದು ನಿಂತಿದ್ದರು. ಎಲ್ಲರೂ ಸುಮಾಳನ್ನು ಹೊಗಳುವವರೇ. ಸುಮಾ ಮಾತು ಕೊಟ್ಟಂತೆ, ಹಾಲಿನ ಆ ತುದಿಯಿಂದ ನನ್ನ ಮುಖ ನೋಡಿದಳು.

ನಾನು ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಮೂರು ತಿಂಗಳು ಸುಮ್ಮನಿದ್ದವನಿಗೆ ಇನ್ನೊಂದು ನಿಮಿಷ ದೊಡ್ಡದೇ? ಆದರೆ ಏನು ಹೇಳಲಿ, ಹೊಟ್ಟೆಯುರಿಯಿತು. ಹದಿನಾಲ್ಕು ವರ್ಷದ ಆಫೀಸಿನಲ್ಲಿ ನಾನು ಮಾಡಿದ ಯಾವ ಕೆಲಸವನ್ನೂ ಯಾರೂ ಮೂರು ಸಲ ಬಂದು ಕೇಳಿರಲಿಲ್ಲ. ಈಗ ಕೇಳುತ್ತಿದ್ದಾರೆ, ಹೆಸರು ಇನ್ನೊಬ್ಬರಿಗೆ ಹೋಗುತ್ತಿದೆ. ನನಗೇ ಗೊತ್ತಿಲ್ಲದೆ ಮೇಜಿನ ಹತ್ತಿರ ನಡೆದುಬಿಟ್ಟಿದ್ದೆ.

“ಅದು ನಾನು ಮಾಡಿದ್ದು ಆಂಟಿ.”

“ನೀವಾ ಶ್ರೀನಿವಾಸ? ಸುಳ್ಳು. ಯಾವಾಗ?”

“ನಿನ್ನೆ ಮಧ್ಯಾಹ್ನ.”

“ನಿನ್ನೆ ಶುಕ್ರವಾರ ಅಲ್ವಾ? ಆಫೀಸು?”

ವರ್ಕ್ ಫ್ರಂ ಹೋಮ್, ರಜೆ, ಡೆಂಟಿಸ್ಟ್, ಮೂರು ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. ಸುಮಾ ಇನ್ನೂ ನೋಡುತ್ತಿದ್ದಳು.

“ಆಫೀಸು ಇಲ್ಲ ಆಂಟಿ. ಕೆಲಸ ಹೋಗಿ ಮೂರು ತಿಂಗಳಾಯ್ತು.”

ವತ್ಸಲಾ ಆಂಟಿ ಇನ್ನೊಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು.

“ಛೆ, ಹೌದಾ” ಎಂದರು. “ಹಾಗಾದ್ರೆ ಎಣ್ಣೆ ಎಷ್ಟು ಅಂತ ನಿಮ್ಮ ಹತ್ರವೇ ಕೇಳ್ಬೇಕಲ್ಲ. ಬನ್ನಿ, ಕೂತ್ಕೊಳ್ಳಿ, ಬರ್ಕೊಳ್ತೇನೆ.”

ಅಷ್ಟೇ. ಮೂರು ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ. ನಾನು ಏಳು ಸಲದ ಕಥೆ ಹೇಳಿದೆ. ಎಣ್ಣೆ ಎಷ್ಟು ಎಂದರೆ, ಅಮ್ಮಾ ಎಂದು ಏಳು ಸಲ ಕರೆಯುವಷ್ಟು. ಆಂಟಿ ಹಾಗೆಯೇ ಬರೆದುಕೊಂಡರು.

ಕೋಟು ನೇತುಹಾಕುವ ಕಡೆ ರಾಜಶೇಖರ್ ನನ್ನ ತೋಳು ಹಿಡಿದರು. “ನಾನೂ ಆ ಟ್ರೇನ್ ಹತ್ತಿ ಮೂರು ತಿಂಗಳಾಯ್ತು ಸಾರ್” ಎಂದರು, ಗೋಡೆ ನೋಡುತ್ತಾ.

“ಮತ್ತೆ ನಾನು ಕಾಣ್ತಾ ಇಲ್ಲ ಅಂತ ನೀವೇ ಫೋನ್ ಮಾಡಿದ್ರಲ್ಲ?”

“ನೀವು ಅದರಲ್ಲಿ ಇದ್ದೀರೋ ಇಲ್ವೋ ತಿಳ್ಕೊಳ್ಳೋಕೆ. ಇದ್ದಿದ್ರೆ, ನಾನಿಲ್ಲ ಅನ್ನೋದು ನಿಮಗೆ ಗೊತ್ತಾಗಿರ್ತಿತ್ತಲ್ಲ.” ಸ್ವಲ್ಪ ತಡೆದು, “ಆ ಕೋಸಂಬರಿ ನಾನೇ ಮಾಡಿದ್ದು” ಎಂದರು. ಕೋಸಂಬರಿಗೆ ಉಪ್ಪು ಹೆಚ್ಚಾಗಿತ್ತು. ತುಂಬ ಚೆನ್ನಾಗಿದೆ ಎಂದೆ. ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.

ಈಗ ಉಳಿದದ್ದು ಅಮ್ಮ. ವತ್ಸಲಾ ಆಂಟಿಯ ತಂಗಿ ಇರುವುದು ಮೈಸೂರಿನಲ್ಲಿ, ನಮ್ಮ ತಂಗಿಯ ಮನೆಯಿಂದ ಎರಡು ರಸ್ತೆ ಆಚೆ. ಸುದ್ದಿ ಅಲ್ಲಿಗೆ ತಲುಪುವ ಮುಂಚೆ ನಾನು ತಲುಪಬೇಕಿತ್ತು. ಭಾನುವಾರ ಬೆಳಿಗ್ಗೆ ಎದ್ದವನೇ ಫೋನ್ ಮಾಡಿದೆ. ಅಲ್ಲಿ ಸಂಜೆ.

ಬದನೆಕಾಯಿಯಿಂದ ಶುರುಮಾಡಿದೆ. ಅಮ್ಮ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಧೈರ್ಯ ಮಾಡಿ ಕೆಲಸದ ವಿಷಯ ಹೇಳಿದೆ. ಆ ಕಡೆಯಿಂದ ಗಾಬರಿ ಇಲ್ಲ, ಅಯ್ಯೋ ಇಲ್ಲ.

“ಗೊತ್ತು ಕಣೋ” ಎಂದಳು.

“ಯಾರು ಹೇಳಿದ್ರು? ಸುಮಾನಾ?”

“ಅವಳ್ಯಾಕೆ ಹೇಳ್ತಾಳೆ. ನೀನು ಮುಂಚೆ ಭಾನುವಾರ ಹತ್ತು ನಿಮಿಷ ಮಾತಾಡ್ತಿದ್ದೆ, ಅದೂ ಗಡಿಯಾರ ನೋಡ್ಕೊಂಡು. ಈಗ ಬುಧವಾರ ಬುಧವಾರ ಅರ್ಧ ಗಂಟೆ ಮಾತಾಡ್ತೀಯ. ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ತಾನೆ ಆವಾಗ? ನಂಗೆ ಅಷ್ಟೂ ಗೊತ್ತಾಗಲ್ವೇನೋ?”

“ಮತ್ತೆ ಒಂದು ಸಲನಾದ್ರೂ ಕೇಳಬಾರದಿತ್ತಾ?”

ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಕೇಳಿದ್ರೆ ನೀನು ನಾಚಿಕೊಂಡು ಮತ್ತೆ ಭಾನುವಾರಕ್ಕೆ ಹೋಗ್ಬಿಡ್ತಿದ್ದೆ” ಎಂದಳು.

ನಾನು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಮುಚ್ಚಿಡುವುದರಲ್ಲಿ ನಾನು ಎಂಥ ನಿಸ್ಸೀಮ ಎಂದು ನೀವೇ ನೋಡಿದ್ದೀರಿ. “ಅಮ್ಮಾ” ಎಂದೆ. ಅವಳು ತಡಮಾಡದೆ, “ಏನು, ಎಣ್ಣೆ ಬೇಕಾ?” ಎಂದು ಕೇಳಿದಳು.

ಈ ವಾರ ಆ ಕನ್ಸಲ್ಟೆನ್ಸಿಯವನು ಮತ್ತೆ ಫೋನ್ ಮಾಡಿದ್ದ. ಶೇಂಗಾ ಹುರಿಯದ ಹೊತ್ತಿನಲ್ಲಿ ಮಾತಾಡಿದೆ, ಇಂಟರ್‌ವ್ಯೂ ಇದೆ. ಸಿಕ್ಕರೆ ಸಂತೋಷವೇ. ಮತ್ತೆ ಏಳು ಹತ್ತರ ಟ್ರೇನು, ಮತ್ತೆ ಕೋಟಿನ ಮೇಲೆ ಕಾಫಿ. ಒಂದೇ ಒಂದು ಅನುಮಾನ ಉಳಿದಿದೆ, ಅನುಭವಸ್ಥರು ಹೇಳಬೇಕು.

ಕೆಲಸವಿರುವವನು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅಮ್ಮನಿಗೆ ಫೋನ್ ಮಾಡಿ ‘ಎಣ್ಣೆ ಎಷ್ಟು ಹಾಕಲಿ’ ಎಂದು ಕೇಳಬಾರದು ಅಂತ ಯಾವ ಆಫೀಸಿನ ರೂಲ್ ಬುಕ್ಕಿನಲ್ಲಿದೆ?